ಕುಂಯ್ ಅಂದರೆ ಕೈ ಎತ್ತಿ

ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆ ನೋಡುವುದಕ್ಕೆ ಬಟ್ಟೆಯ ಬೀರುವಿಗೆ ಗಾಜು ಕೂರಿಸಿದ ಹಾಗಿತ್ತು. ಒಳಗೆ ರೋಗಿ, ಹೊರಗೆ ಅವಳು. ರೋಗಿಯ ತಲೆಗೆ ಹೆಡ್‌ಫೋನ್ ಏರಿಸಿ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ಕುಂಯ್ ಅಂದ್ರೆ ಕೈ ಎತ್ತಿ.” ಅವಳು ಗುಂಡಿ ಒತ್ತಿದಾಗ ಯಂತ್ರದ ಮೇಲೊಂದು ಕೆಂಪು ದೀಪ ಮಿನುಗುತ್ತಿತ್ತು. ದೀಪ ಮಿನುಗಿಯೂ ಕೈ ಏಳದಿದ್ದರೆ ಆ ಕಿವಿಗೆ ಡಾಕ್ಟರ ದಾರಿ. ಹೀಗಾಗಿ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಕುಂಯ್ ಅಕ್ಕ.

ದಿನಾ ಬೆಳಿಗ್ಗೆ ರೋಗಿಗಳು ಬರುವ ಮೊದಲು ಯಂತ್ರ ಸರಿಯಿದೆಯೇ ಎಂದು ಕುಂಯ್ ಅಕ್ಕ ತನ್ನ ಕಿವಿಯ ಮೇಲೇ ಪ್ರಯೋಗ ಮಾಡುತ್ತಿದ್ದಳು. ತಾನೇ ಗುಂಡಿ ಒತ್ತಿ, ತಾನೇ ಕೇಳಿ, ನೋಡುವವರು ಯಾರೂ ಇಲ್ಲದಿದ್ದರೂ ತಾನೇ ಕೈ ಎತ್ತುವುದು. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ಆ ಕೈ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಪಕ್ಕದ ಮನೆಯ ಮೈಕ್ರೋವೇವ್ ಕೂಗಿದರೂ ಇವಳ ಕೈ ಮೇಲೆ.

ಗಂಡ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಕಾರಿನಲ್ಲಿ ಕಲಿಯುವವರ ಪಕ್ಕ ಕೂತು ಸಲಹೆ ಕೊಡುವುದು ಕಸುಬು. ಮಿಕ್ಕ ಎಲ್ಲ ಕಡೆ ಸಲಹೆ ಕೊಡುವುದು ಹವ್ಯಾಸ. ಈರುಳ್ಳಿ ಹೆಚ್ಚುವವಳಿಗೆ “ನಿಧಾನ, ನಿಧಾನ, ಈಗ ತಿರುಗಿಸು” ಎನ್ನುತ್ತಿದ್ದರು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ “ಹಿಂದೆ ನೋಡ್ಕೊಂಡು” ಎನ್ನುತ್ತಿದ್ದರು. ಜನ ಕಿವಿಮಾತು ಹೇಳುವುದಕ್ಕೆ ಕಿವಿಯ ಹತ್ತಿರ ಬರುತ್ತಾರೆ. ಮೇಷ್ಟ್ರು ಬೀದಿಯ ಆ ತುದಿಯಿಂದಲೇ ಹೇಳುತ್ತಿದ್ದರು. ಕುಂಯ್ ಅಕ್ಕ ತನ್ನ ಪಾಡಿಗೆ ತಾನು ಗೊಣಗಿಕೊಳ್ಳುತ್ತಿದ್ದಳು. ಆ ಗೊಣಗಾಟದಲ್ಲಿ ಮೇಷ್ಟ್ರ ವಂಶದ ಬಗ್ಗೆ ಕೆಲವು ಸಂಶೋಧನೆಗಳೂ ಇರುತ್ತಿದ್ದವು. ಮೇಷ್ಟ್ರು ಒಂದು ದಿನವೂ ಸಿಟ್ಟಾದವರಲ್ಲ. ಎಷ್ಟೇ ಆಗಲಿ ಸಹನೆಯ ಮನುಷ್ಯ ಎಂದು ಅವಳು ಅದನ್ನು ಅವರ ಲೆಕ್ಕಕ್ಕೆ ಜಮಾ ಮಾಡಿದ್ದಳು.

ಮಗಳು ಅಪ್ಪ ಅಮ್ಮನಿಗೆಂದು ಒಂದು ವಾರದ ದ್ವೀಪ ಪ್ರವಾಸ ಗೊತ್ತುಮಾಡಿದಾಗ ಕುಂಯ್ ಅಕ್ಕನಿಗೆ ಮೊದಲು ನೆನಪಾದದ್ದು ಸಮುದ್ರವಲ್ಲ. ಏಳು ದಿನ, ಒಂದೇ ಕೋಣೆ, ಒಬ್ಬರೇ ಮೇಷ್ಟ್ರು.

“ಅಮ್ಮ, ಅಪ್ಪನ್ನ ದೋಣಿ ನಡೆಸೋರ ಹತ್ರ ಮಾತ್ರ ಕೂರಿಸ್ಬೇಡ,” ಎಂದಳು ಮಗಳು ಫೋನಿನಲ್ಲಿ.

“ನನ್ನ ಹತ್ರ ಕೂರಿಸ್ಬೇಡ ಅಂತ ಯಾರು ಹೇಳ್ತಾರೆ?” ಎಂದಳು ಇವಳು.

ಮಾರನೆಯ ದಿನವೇ ಹೆಡ್‌ಫೋನ್ ಹುಡುಕಾಟ ಶುರುವಾಯಿತು. ವಾರವಿಡೀ ಹಾಕಿಕೊಂಡರೂ ನೋಯಬಾರದು, ಮಡಚಿದರೆ ಕೈಚೀಲದಲ್ಲಿ ಹಿಡಿಸಬೇಕು, ಹೊರಗಿನ ಸದ್ದನ್ನು ನುಂಗಿ ನೀರು ಕುಡಿಯಬೇಕು. ಮೊದಲ ಅಂಗಡಿಯದು ತಲೆಯನ್ನು ಅಡಕತ್ತರಿಯ ಹಾಗೆ ಹಿಡಿಯಿತು. ಎರಡನೆಯದು ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಒತ್ತಿ ಒತ್ತಿ, ಶಾಲೆಯಲ್ಲಿ ಕಿವಿ ಹಿಂಡುತ್ತಿದ್ದ ಟೀಚರನ್ನು ಕಣ್ಣ ಮುಂದೆ ತಂದಿತು. ಕಿವಿಯೊಳಗೆ ತುರುಕುವ ಗುಂಡುಗಳು ಬಗ್ಗಿದ ಕೂಡಲೇ ಒಂದೊಂದಾಗಿ ಉದುರಿದವು. ಇನ್ನೊಂದಕ್ಕೆ ತುರುಬು ಅಡ್ಡ ಬಂತು.

ಕೊನೆಯ ಅಂಗಡಿಯವನು ಒಂದನ್ನು ತೊಡಿಸಿ ಹಾಡು ಹಚ್ಚಿದ. “ಡ್ರಮ್ ಹೆಂಗೆ ಕೇಳಿಸ್ತಿದೆ ನೋಡಿ ಮೇಡಂ.”

“ನಂಗೇನೂ ಕೇಳಿಸ್ಬಾರ್ದಪ್ಪ. ಹಾಡು ಆರ್ಸು.”

ಅವನು ಆರಿಸಿದ. ಹೊರಗಿನ ರಸ್ತೆ ನಿಂತೇ ಹೋಯಿತು. ಮೆತ್ತನೆಯ ಗಾದಿ ಕಿವಿಯನ್ನು ತೊಟ್ಟಿಲಿನಲ್ಲಿ ಮಲಗಿಸಿದಂತಿತ್ತು. ಅಂಗಡಿಯವನ ಬಾಯಿ ಆಡುತ್ತಿತ್ತು, ಮಾತಿಲ್ಲ. ಆ ಬಾಯಿಯ ಜಾಗದಲ್ಲಿ ಮೇಷ್ಟ್ರ ಬಾಯಿಯನ್ನು ಊಹಿಸಿಕೊಂಡ ಕುಂಯ್ ಅಕ್ಕನ ಕಣ್ಣು ಒದ್ದೆಯಾಯಿತು. “ಪ್ಯಾಕ್ ಮಾಡಪ್ಪ,” ಎಂದಳು.

ದ್ವೀಪದಲ್ಲಿ ಮೂರು ದಿನ ಸ್ವರ್ಗ. ಮೇಷ್ಟ್ರು ಹೋಟೆಲಿನವರಿಗೆ ಛತ್ರಿ ನೆಡುವುದನ್ನು ಕಲಿಸಿದರು, ಮರ ಹತ್ತಿ ಎಳನೀರು ಇಳಿಸುವವನಿಗೆ ಇಳಿಯುವುದನ್ನು ಕಲಿಸಿದರು. ಕುಂಯ್ ಅಕ್ಕ ಹೆಡ್‌ಫೋನ್ ಹಾಕಿಕೊಂಡು ತೆಂಗಿನ ನೆರಳಲ್ಲಿ ಬಿದ್ದುಕೊಂಡಳು. ಮೇಷ್ಟ್ರ ಬಾಯಿ ನಿಂತಾಗ ಒಮ್ಮೆ ತಲೆಯಾಡಿಸಿದರೆ ಸಾಕು, ಸಂಸಾರ ಸಾಗುತ್ತಿತ್ತು.

ನಾಲ್ಕನೆಯ ದಿನ ದೋಣಿಯಲ್ಲಿ ಪಕ್ಕದ ದ್ವೀಪಕ್ಕೆ ಹೊರಟರು. ಮಗಳ ಎಚ್ಚರಿಕೆ ನೀರುಪಾಲಾಗಿ, ಮೇಷ್ಟ್ರು ದೋಣಿಯವನ ಬಗಲಲ್ಲೇ ಕೂತು ಗೇರ್ ಎಲ್ಲಿದೆ ಎಂದು ಹುಡುಕತೊಡಗಿದರು. ಅರ್ಧ ದಾರಿಯಲ್ಲಿ ನೀರು ತೀರ ಕಡಿಮೆಯಾಗಿ, ಒಂದು ಮರಳ ದಿಬ್ಬದ ಹತ್ತಿರ ದೋಣಿಯ ತಳ ಕಿರುಗುಟ್ಟಿತು. ದೋಣಿಯವನು ಎಂಜಿನ್ ನಿಲ್ಲಿಸಿದ.

“ಭಾರ ಜಾಸ್ತಿ ಆಯ್ತು. ಒಬ್ರೋ ಇಬ್ರೋ ಇಲ್ಲಿ ಇಳಿದ್ರೆ ಮಿಕ್ಕೋರನ್ನ ಬಿಟ್ಟು ವಾಪಸ್ ಬಂದು ಕರ್ಕೊಂಡು ಹೋಗ್ತೀನಿ. ಯಾರು ಇಳೀತೀರಿ? ಕೈ ಎತ್ತಿ.”

ದೋಣಿಯಲ್ಲಿದ್ದವರೆಲ್ಲ ಆಕಾಶದ ಸೌಂದರ್ಯ ನೋಡತೊಡಗಿದರು. ಸರಿಯಾಗಿ ಅದೇ ಹೊತ್ತಿಗೆ, ಬ್ಯಾಟರಿ ಮುಗಿಯುತ್ತ ಬಂದಿದ್ದ ಹೆಡ್‌ಫೋನ್ ಕುಂಯ್ ಎಂದಿತು. ಕುಂಯ್ ಅಕ್ಕನ ಕೈ ಮೇಲೆ ಹೋಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಏಕೆಂದು ತಿಳಿಯದೆ ಅವಳೂ ಮರ್ಯಾದೆಗೆ ನಕ್ಕಳು. ನಗು ಮುಗಿಯುವುದರೊಳಗೆ ಮೊಣಕಾಲುದ್ದ ನೀರಿನಲ್ಲಿದ್ದಳು.

“ಲೇ, ಎಲ್ಲಿಗೆ ಹೊರಟೆ?” ಎಂದು ಮೇಷ್ಟ್ರು ಕೂಗಿದರು. ದೋಣಿಯವನ ಪಕ್ಕದಲ್ಲೇ ಕೂತಿದ್ದರೂ ಅವನು ಹೇಳಿದ್ದೊಂದೂ ಅವರ ತಲೆಗೆ ಹೋದಂತಿರಲಿಲ್ಲ. “ಅವಳಿಗೆ ಬಕೆಟ್ ನೀರು ಬಿಟ್ರೆ ಬೇರೆ ನೀರು ಗೊತ್ತಿಲ್ಲ ಕಣಯ್ಯಾ,” ಎಂದು ಪ್ಯಾಂಟು ಮಡಚುವುದನ್ನೂ ಮರೆತು ಹಿಂದೆಯೇ ಧುಮುಕಿದರು. ಹಗುರಾದ ದೋಣಿ ಹೊರಟುಹೋಯಿತು.

ದಿಬ್ಬದ ಮೇಲೆ ಮರಳು, ಒಂದು ಬೋಳು ಕಟ್ಟಿಗೆ, ಗಂಡ, ಹೆಂಡತಿ. ಜಗತ್ತಿನಲ್ಲೇ ಅತಿ ನಿಶ್ಶಬ್ದವಾದ ಜಾಗಕ್ಕೆ ಅವಳು ಬಂದಿದ್ದಳು, ಮೇಷ್ಟ್ರ ಸಮೇತ.

“ಈ ಡಬ್ಬದಲ್ಲಿ ಅಂಥದ್ದೇನೇ ಇದೆ? ಮೂರು ದಿನದಿಂದ ತಲೆ ಮೇಲೆ ಹೊತ್ಕೊಂಡಿದೀಯ,” ಎಂದು ಮೇಷ್ಟ್ರು ಹೆಡ್‌ಫೋನ್ ಕಿತ್ತುಕೊಂಡು ತಮ್ಮ ತಲೆಗೇರಿಸಿದರು. ಅದರ ಹೊರಮೈಯಲ್ಲಿ ಪುಟ್ಟ ಕೆಂಪು ದೀಪ ಮಿನುಗಿತು. ದ್ವೀಪಕ್ಕೆ ಬಂದರೂ ದೀಪ ಬಿಡಲಿಲ್ಲವಲ್ಲ ಎಂದುಕೊಂಡಳು. ಒಂದು ಮಿನುಗಿಗೆ ಒಂದು ಕುಂಯ್. ಅಭ್ಯಾಸಬಲದಿಂದ ಅವಳ ಕಣ್ಣು ಮೇಷ್ಟ್ರ ಮುಖಕ್ಕೆ ಹೋಯಿತು. ದೀಪ ಮತ್ತೆ ಮಿನುಗಿತು. ಮುಖದಲ್ಲಿ ಹುಬ್ಬಿನ ಒಂದು ಕೂದಲೂ ಅಲುಗಲಿಲ್ಲ.

“ಏನಾದ್ರೂ ಕೇಳಿಸ್ತಾ?” ಎಂದು ಕೈಸನ್ನೆ ಮಾಡಿದಳು.

“ಏನು ಕೇಳಿಸ್ಬೇಕು? ಖಾಲಿ ಡಬ್ಬ.”

ಮರಳ ಮೇಲೆ ಕೂತೇಬಿಟ್ಟಳು. ಊರವರ ಕಿವಿಯನ್ನೆಲ್ಲ ಗಾಜಿನ ಬೀರುವಿನಲ್ಲಿ ಕೂರಿಸಿ ನೋಡಿದ್ದಳು. ದಿನಾ ದಿಂಬಿನ ಮೇಲೆ ಗೇಣು ದೂರದಲ್ಲಿರುವ ಕಿವಿಯನ್ನು ನೋಡಿರಲಿಲ್ಲ. ಎದ್ದು ಅವರ ತಲೆಯಿಂದ ಹೆಡ್‌ಫೋನ್ ತೆಗೆದು, ಎದುರಿಗೇ ನಿಂತು ಕೇಳಿದಳು. “ಯಾವಾಗಿಂದ ರೀ?”

“ಯಾವುದು?”

“ಕಿವಿ.”

ಮೇಷ್ಟ್ರು ಸಮುದ್ರಕ್ಕೆ ಏನೋ ಸಲಹೆ ಕೊಡುವವರಂತೆ ನೋಡಿದರು. ಆಮೇಲೆ, “ಕಾರಿನ ಕಿಟಕಿ ಕಡೆದು ಪೂರ್ತಿ ಬಂದ್,” ಎಂದರು. “ಇಷ್ಟು ವರ್ಷ ಲಾರಿ, ಬಸ್ಸು ಎಲ್ಲಾ ಅದರೊಳಗೇ ಹಾದು ಹೋಗಿರೋದು. ಇನ್ನೊಂದು ಅರ್ಧ ಶಟರ್ ಹಾಕಿದೆ. ಹಾರ್ನ್ ಕೇಳಿಸುತ್ತೆ. ಕೆಲಸಕ್ಕೆ ಅಷ್ಟು ಸಾಕು.”

“ಮತ್ತೆ ಈ ಮಾತು?”

“ನಾನು ಮಾತಾಡ್ತಾ ಇದ್ರೆ ಯಾರೂ ನನ್ನ ಏನೂ ಕೇಳಲ್ಲ. ಕೇಳಿದ್ರೆ ನನಗೆ ಕೇಳಿಸ್ಬೇಕಲ್ಲ.”

ಎಲ್ಲರೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ. ಮೇಷ್ಟ್ರಿಗೆ ಬಿಡುವ ಬಾಗಿಲೇ ಮುಚ್ಚಿತ್ತು. ಎಲ್ಲ ಬಾಯಿಂದ ಹೊರಬರುತ್ತಿತ್ತು. ಕುಂಯ್ ಅಕ್ಕನಿಗೆ ತಟ್ಟನೆ ಇನ್ನೊಂದು ಹೊಳೆಯಿತು.

“ಹಾಗಾದ್ರೆ ನಾನು ಇಷ್ಟು ದಿನ ಗೊಣಗಿದ್ದು?”

“ಗೊಣಗ್ತಿದ್ಯಾ? ಏನಂತ?”

“ಒಳ್ಳೇದೇ,” ಎಂದು ಅವಳು ಅವರ ಸಹನೆಯ ಜಮಾ ಎಲ್ಲವನ್ನೂ ಒಂದೇ ಏಟಿಗೆ ವಜಾ ಮಾಡಿದಳು. “ನನಗ್ಯಾಕೆ ಹೇಳ್ಲಿಲ್ಲ?”

“ಕಿವಿ ನೋಡೋಳ ಗಂಡನೇ ಕಿವುಡ ಅಂದ್ರೆ ನಿನ್ನ ಮುಖ ಎಲ್ಲಿಟ್ಕೋತೀಯ? ಅದೂ ಅಲ್ದೆ ಸ್ಕೂಲು ಮುಚ್ಬೇಕಾಗುತ್ತೆ. ಕಿವಿಗೆ ಮೆಷಿನ್ ಹಾಕ್ಕೊಂಡು ಪಕ್ಕ ಕೂತ್ರೆ ಕಲಿಯೋರು ಹೆದರ್ತಾರೆ ಕಣೆ.”

“ಈಗ ಹೆದರಲ್ವಾ?”

ಮೇಷ್ಟ್ರು ಬೂಟು ಬಿಚ್ಚಿ ನೀರು ಚೆಲ್ಲಿದರು. ಒದ್ದೆ ಪ್ಯಾಂಟಿನಲ್ಲಿ, ಕಲಿಸುವುದಕ್ಕೆ ಒಂದು ಏಡಿಯೂ ಇಲ್ಲದೆ ನಿಂತಿದ್ದ ಮನುಷ್ಯನನ್ನು ನೋಡಿ ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬಂತು ಕೂಡ. ಆದರೆ ಈಜು ಬಾರದವಳ ಹಿಂದೆ, ತನಗೂ ಬರುವುದಿಲ್ಲವೆಂಬುದನ್ನು ಮರೆತು ಧುಮುಕಿದವರು ಇವರೇ ಎಂಬುದೂ ಜೊತೆಗೇ ನೆನಪಾಗಿ ಸಿಟ್ಟು ಕೆಟ್ಟುಹೋಯಿತು.

“ಬೆನ್ನು ತಿರುಗ್ಸಿ ನಿಂತ್ಕೊಳ್ಳಿ. ಕಣ್ಣು ಮುಚ್ಚಿ. ದೋಣಿ ಸದ್ದು ಕೇಳಿಸಿದ ಕೂಡ್ಲೆ ಕೈ ಎತ್ತಿ.”

ಮೇಷ್ಟ್ರು ತಕ್ಷಣ ಕೈ ಎತ್ತಿದರು.

“ಇಳ್ಸಿ,” ಎಂದು ಅವಳೇ ಆ ಕೈಯನ್ನು ಎಳೆದು ಇಳಿಸಿದಳು. “ಕಳ್ಳ ಪೇಷಂಟುಗಳನ್ನ ನಾನು ದಿನಾ ನೋಡ್ತೀನಿ. ದೋಣಿ ಇನ್ನೂ ವಾಪಸ್ ಹೊರಟೇ ಇಲ್ಲ.”

ಬಹಳ ಹೊತ್ತಿನ ಮೇಲೆ ದೂರದಲ್ಲಿ ಸೊಳ್ಳೆಯಂಥ ಸದ್ದು ಕೇಳಿತು. ಅವಳ ಕೈ ಏಳಹೊರಟಿತು; ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಸೊಳ್ಳೆ ದುಂಬಿಯಾಯಿತು, ದುಂಬಿ ಗಿರಣಿಯಾಯಿತು. ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿ, ಈ ಸಲ ಮೋಸ ಮಾಡದೆ, ಪರೀಕ್ಷೆಗೆ ಓದದ ಹುಡುಗನ ಹಾಗೆ ನಿಂತಿದ್ದರು. “ಬನ್ನಿ ಸಾರ್,” ಎಂದು ದೋಣಿಯವನು ಕೂಗಿದ. ಕೈ ಏಳಲಿಲ್ಲ. ಅವನು ಬೇಸತ್ತು ಹಾರ್ನ್ ಒತ್ತಿದ.

ಮೇಷ್ಟ್ರ ಕೈ ಜಂಬದಿಂದ ಮೇಲೆದ್ದಿತು. “ಹಾರ್ನ್,” ಎಂದರು.

“ಸೋಮವಾರ ಬೆಳಿಗ್ಗೆ ನನ್ನ ರೂಮಿಗೆ ಬರ್ತೀರಿ,” ಎಂದಳು ಅವಳು, ಎದುರಿಗೆ ಬಂದು, ಒಂದೊಂದೇ ಮಾತನ್ನು ಬಿಡಿಸಿ. “ಎಲ್ಲರಿಗಿಂತ ಮೊದ್ಲು. ಮೆಷಿನ್ ಬೇಕು ಅಂದ್ರೆ ಹಾಕ್ಕೋತೀರಿ. ಸ್ಕೂಲ್ ಮುಚ್ಚೋದಲ್ಲ, ಕಿಟಕಿ ಗಾಜು ಮುಚ್ಚಿ ಕೂತ್ಕೋತೀರಿ.”

ಮೇಷ್ಟ್ರು ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆ ಆಡಿಸಿದರು.

ದೋಣಿ ಹತ್ತಿದ ಮೇಲೆ ಕುಂಯ್ ಅಕ್ಕ ಹೆಡ್‌ಫೋನನ್ನು ಮಡಚಿ ಕೈಚೀಲದಲ್ಲಿಟ್ಟು, ತಾನು ಯಾವಾಗಲೂ ಕೂರುತ್ತಿದ್ದ, ಮೇಷ್ಟ್ರ ಬಂದ್ ಕಿವಿಯ ಕಡೆ ಬಿಟ್ಟು, ಅರ್ಧ ಶಟರಿನ ಕಡೆ ಹೋಗಿ ಕೂತಳು. ದೋಣಿ ತಿರುಗುವಷ್ಟರಲ್ಲೇ ಮೇಷ್ಟ್ರು ಚೇತರಿಸಿಕೊಂಡು, “ಇಂಡಿಕೇಟರ್ ಹಾಕ್ಬೇಕಿತ್ತಲ್ಲಯ್ಯಾ,” ಎಂದು ದೋಣಿಯವನಿಗೆ ಶುರುಮಾಡಿದರು. ಅವಳು ಅವರ ಕಿವಿಗೆ ಬಾಯಿ ತಾಗಿಸಿ ಹೇಳಿದಳು:

“ಸ್ವಲ್ಪ ಹೊತ್ತು ಸುಮ್ನಿರಿ.”

ಮೇಷ್ಟ್ರು ಮಾತು ನಿಲ್ಲಿಸಿದರು. ನಿಲ್ಲಿಸಿ, ಮೆಲ್ಲಗೆ ಕೈ ಎತ್ತಿದರು.