ಹಗೇವಿನ ಕಲ್ಲು

ಪುನರ್ಜನ್ಮದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಯಾರಾದರೂ ‘ನಮ್ಮಜ್ಜನೇ ಮೊಮ್ಮಗನಾಗಿ ಹುಟ್ಟಿ ಬಂದಿದ್ದಾನೆ’ ಎಂದರೆ ‘ಹಾಗಾದರೆ ಅಜ್ಜನ ಬೀಡಿ ಚಟವೂ ಬಂದಿರಬೇಕಲ್ಲ’ ಎಂದು ಕಾಲೆಳೆಯುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೂ ಹಾಗೇ ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ನಾನು ಹುಟ್ಟಿ ಬೆಳೆದದ್ದು ಇಂಡಿಯಲ್ಲಿ. ಅದಕ್ಕೂ ಮೊದಲು ಅಪ್ಪ, ಅವ್ವ, ಅಕ್ಕ, ಅಣ್ಣ ಮನಗೂಳಿಯ ಹತ್ತಿರದ ಒಂದು ಹಳ್ಳಿಯಲ್ಲಿದ್ದರು. ಅಲ್ಲಿ ಅಕ್ಕ, ಅಣ್ಣನಿಗೆ ನನಗಿಂತ ಮೊದಲು ಇನ್ನೊಬ್ಬ ತಮ್ಮನಿದ್ದ. ಐದು ತುಂಬುವ ಮೊದಲೇ ಜ್ವರದಿಂದ ತೀರಿಕೊಂಡ, ಆ ದುಃಖಕ್ಕೇ ಅಪ್ಪ ಊರು ಬಿಟ್ಟ ಎಂದು ನನಗೆ ಹೇಳಿದ್ದರು. ಮೂರ್ನಾಲ್ಕು ವರ್ಷ ಕಳೆದು ನಾನು ಹುಟ್ಟಿದಾಗ ಅವನ ಹೆಸರನ್ನೇ ನನಗಿಟ್ಟರು. ಸಾವಿನ ಕಣ್ಣು ಮತ್ತೆ ಬೀಳದಿರಲೆಂದು ನಮ್ಮ ಕಡೆ ಮಾಡುವಂತೆ ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿದರು. ಆ ತೂತು ಇನ್ನೂ ಇದೆ. ಶಾಲೆಯ ಹುಡುಗರು ಬೆನ್ನ ಹಿಂದೆ ನನ್ನನ್ನು ‘ಮೂಗುತಿ ಮಾಸ್ತರ’ ಎನ್ನುತ್ತಾರೆ.

ಸಣ್ಣವನಿದ್ದಾಗಿನಿಂದ ನನಗೆ ಒಂದೇ ಒಂದು ಕನಸು ಬೀಳುತ್ತಿತ್ತು. ನಾನು ಕತ್ತಲಲ್ಲಿ ಕೂತಿದ್ದೇನೆ. ತಲೆಯ ಮೇಲೆ, ಬಹಳ ಎತ್ತರದಲ್ಲಿ, ತಾಟಿನಷ್ಟು ದುಂಡನೆಯ ಬೆಳಕು. ಅದರಲ್ಲಿ ಎರಡು ತಲೆಗಳು ಬಗ್ಗಿ ನನ್ನನ್ನು ನೋಡುತ್ತವೆ. ಆಮೇಲೆ ಬೆಳಕು ಒಂದು ಕಡೆಯಿಂದ ಸಣ್ಣಗಾಗುತ್ತಾ ಹೋಗುತ್ತದೆ. ಮುಗ್ಗಿದ ಜೋಳದ ವಾಸನೆ ಮೂಗಿಗೆ ಅಡರಿ ಎಚ್ಚರವಾಗುತ್ತದೆ. ಒಮ್ಮೆ ಇದನ್ನು ಅಕ್ಕನಿಗೆ ಹೇಳಿದೆ. ಅವ್ವನಿಗಿಂತ ಹೆಚ್ಚಾಗಿ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಒಂದು ದಿನವೂ ಗದರಿಸಿದವಳಲ್ಲ. ಅವತ್ತು ಮಾತ್ರ ಕಿವಿ ಗುಂಯ್ಗುಡುವಂತೆ ಕಪಾಳಕ್ಕೆ ಹೊಡೆದಳು. ಹೊಡೆದವಳೇ ಅಪ್ಪಿಕೊಂಡು ಅತ್ತಳು. ಮತ್ತೆ ಆ ಕನಸಿನ ಮಾತು ನಾನು ಯಾರ ಮುಂದೆಯೂ ಎತ್ತಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅವ್ವ ಹೋಗಿಬಿಟ್ಟಿದ್ದಳು, ಅಪ್ಪ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ನಾಗರ ಪಂಚಮಿಗೆಂದು ಅಕ್ಕ ಸಿಂದಗಿಯಿಂದ ತವರಿಗೆ ಬಂದಿದ್ದಳು. ಅಣ್ಣ ಹೊಸದಾಗಿ ಜೀಪು ಕೊಂಡಿದ್ದ. ಹಬ್ಬದ ಮರುದಿನ, ಒಮ್ಮೆ ನಿಮ್ಮ ಹಳೆಯ ಊರು ತೋರಿಸಿ ಎಂದು ನಾನೇ ಹಟ ಹಿಡಿದೆ.

“ಏನೈತೋ ಅಲ್ಲಿ? ಬಿದ್ದ ಗ್ವಾಡಿ ನೋಡಾಕ ಡೀಸೆಲ್ ಸುಡಬೇಕೇನು?” ಎಂದಳು ಅಕ್ಕ. ಕೊನೆಗೆ ನನ್ನ ಕಾಟ ತಾಳದೆ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಕಡಿಮೆ. ಊರು ನೆನಪಾಗಿ ಮನಸ್ಸು ಭಾರವಾಗಿರಬೇಕೆಂದು ನಾನೂ ಸುಮ್ಮನಿದ್ದೆ.

ಊರು ಮುಟ್ಟಿದಾಗ ಮಧ್ಯಾಹ್ನ. ಮನೆ ಯಾರದೋ ಕೈಗೆ ಹೋಗಿ ಬೀಗ ಬಿದ್ದಿತ್ತು. ಎದುರು ಮನೆಯ ಕಟ್ಟೆಯ ಮೇಲೆ ನೀಲವ್ವ ಎಂಬ ಮುದುಕಿ ಕೂತಿದ್ದಳು. ಅಕ್ಕ, ಅಣ್ಣನ ಗುರುತು ಹಿಡಿದಳು, ಸೊಸೆಗೆ ಕೂಗಿ ಚಹಾ ಮಾಡಿಸಿದಳು. ಆಮೇಲೆ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

“ಯವ್ವಾ, ಅದ ಮಾರಿ! ಹಗೇವಿನ್ಯಾಗ ಸತ್ತಾಂವ ತಿರುಗಿ ಬಂದಾನ ನೋಡ.”

“ಆಯಿ, ಅಂವಾ ಜ್ವರ ಬಂದು ಸತ್ತಾನ್ರಿ,” ಎಂದೆ ನಾನು.

“ಜ್ವರ ಎಲ್ಲೀದೋ? ನಿಮ್ಮಪ್ಪನ ಕೈಲೇ ಸತ್ತಾನ,” ಎಂದಳು ಮುದುಕಿ, ಎಲೆಗೆ ಸುಣ್ಣ ಹಚ್ಚುತ್ತಾ. “ಪಂಚಮಿ ದಿನಾನ. ಜ್ವಾಳ ತಗೀಲಾಕ ಹಗೇವು ತಗದಿದ್ರು. ಹುಡುಗ ಒಳಗ ಬಿದ್ದಿದ್ದು ನೋಡದ ನಿಮ್ಮಪ್ಪ ಸಂಜೀಕ ಕಲ್ಲ ಮುಚ್ಚಿ ಮಣ್ಣ ಎಳದ. ಊರ ಮಂದೆಲ್ಲಾ ಭಾವಿ ಹುಡುಕಿದ್ರು. ನಿಮ್ಮವ್ವ ಆ ಹಗೇವಿನ ಮ್ಯಾಲ ಕುಂತು ಅತ್ತಳಪಾ, ಮಗಾ ಕೆಳಗ ಅದಾನಂತ ಅಕಿಗೇನ ಗೊತ್ತ? ಮುಂದ ಕಲ್ಲ ತಗದಾಗ ಹೆಣಾ ಸಿಕ್ತು.”

“ಆಯಿ, ಬಿಡ್ರಿ ಈಗ ಅದನ್ನ,” ಎಂದ ಅಣ್ಣ. ಅವನ ದನಿ ಗಟ್ಟಿಯಾಗಿತ್ತು.

ನನಗೆ ಅಪ್ಪನ ಊಟ ನೆನಪಾಯಿತು. ಅವನು ಜೋಳದ ರೊಟ್ಟಿ ಮುಟ್ಟುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿ ತಿನ್ನದವನೆಂದರೆ ಜನ ತಿರುಗಿ ನೋಡುತ್ತಾರೆ. ಹೊಟ್ಟೆಗೆ ಒಗ್ಗುವುದಿಲ್ಲವೇನೋ ಎಂದು ಇಷ್ಟು ವರ್ಷ ತಿಳಿದಿದ್ದೆ.

ಹಗೇವು ನೋಡದವರಿಗೆ ಒಂದು ಮಾತು. ಅದು ನೆಲದೊಳಗಿನ ಕಣಜ. ಆಳವಾಗಿ, ಗಡಿಗೆಯ ಹೊಟ್ಟೆಯಂತೆ ತೋಡಿ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟಿರುತ್ತಾರೆ. ಜೋಳ ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ಒಳಗೆ ಗಾಳಿ ಆಡುವುದಿಲ್ಲ. ಅದಕ್ಕೇ ತೆಗೆದಾಗ ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಾರೆ; ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ನಮ್ಮ ಮನೆಯ ಹಗೇವು ಮುಂದಿನ ಬಯಲಿನಲ್ಲೇ ಇತ್ತು. ಓಣಿಗೆ ಕಾಂಕ್ರೀಟು ಹಾಕಲು ಅದನ್ನು ಮುಚ್ಚಿಸುವವರಿದ್ದರು. ಆಳುಗಳು ಕಲ್ಲು ಸರಿಸಿ, ಪಕ್ಕದಲ್ಲಿ ಮಣ್ಣು ಗುಡ್ಡೆ ಹಾಕಿ ಊಟಕ್ಕೆ ಹೋಗಿದ್ದರು.

ನಾನು ಎದ್ದು ಅಲ್ಲಿಗೆ ನಡೆದೆ. ಅಕ್ಕ ಚಹಾದ ಬಟ್ಟಲು ಹಿಡಿದುಕೊಂಡೇ ಹಿಂದೆ ಬಂದಳು, ಅಣ್ಣನೂ ಬಂದ. ಬಗ್ಗಿ ನೋಡಿದೆ. ಅದೇ ವಾಸನೆ. ನನ್ನ ಕನಸಿನ ವಾಸನೆ. ಅಲ್ಲೇ ಕುಕ್ಕರಿಸಿದೆ. ಹಾಡಹಗಲು, ಬಿಸಿಲು ಬೆನ್ನು ಸುಡುತ್ತಿತ್ತು. ಮೈ ಮಾತ್ರ ತಣ್ಣಗಾಗಿತ್ತು. ಆಗ ನನ್ನ ಬಾಯಿಂದ ಮಾತು ಹೊರಬಿತ್ತು. ನಾನು ಆಡಬೇಕೆಂದು ಆಡಿದ್ದಲ್ಲ. ದನಿಯೂ ನನ್ನದಲ್ಲ, ಸಣ್ಣ ಹುಡುಗನದು.

“ಅಕ್ಕಾ, ಕಲ್ಲ ತಗೀ. ನೀವು ಉಂಡಿ ಕದ್ದಿದ್ದು ನಾ ಅಪ್ಪಗ ಹೇಳೂದಿಲ್ಲ.”

ಬಟ್ಟಲು ಬಿದ್ದು ಒಡೆಯಿತು. ತಿರುಗಿ ನೋಡಿದೆ. ಅಕ್ಕನಿಗೆ ಆಗ ನಲವತ್ತೈದು ದಾಟಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ಆ ಅಕ್ಕ ಸೊಂಟದ ಮೇಲೆ ಕೈಯಿಟ್ಟು, ಹಗೇವಿನೊಳಗೆ ಬಗ್ಗಿ ನೋಡುತ್ತಾ, ಹತ್ತು ಹನ್ನೆರಡರ ಹುಡುಗಿಯ ದನಿಯಲ್ಲಿ ಹೇಳಿದಳು:

“ಆಣಿ ಮಾಡು ಮೊದಲ.”

ಅಣ್ಣ ಅವಳ ಬಾಯಿ ಮುಚ್ಚಿ ಎಳೆದುಕೊಂಡು ಹೋಗಿ ಜೀಪಿನಲ್ಲಿ ಕೂಡಿಸಿದ.

ಜೀಪು ಮನಗೂಳಿ ದಾಟಿತು. ಆಮೇಲೆ ಅಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. “ಹೆದರಸಬೇಕಂತ ಹಗ್ಗ ಕಟ್ಟಿ ಇಳಿಸಿದ್ವಿ. ನೈವೇದ್ಯಕ್ಕಿಂತ ಮೊದಲ ಶೇಂಗಾದುಂಡಿ ತಿಂದಿದ್ದು ನೋಡಿದ್ದ. ಕಲ್ಲ ಅರ್ಧ ಸರಿಸಿದ್ವಿ. ಆಣಿ ಮಾಡಲಿಲ್ಲ, ಅಳಾಕತ್ತ. ಅಪ್ಪ ಬಂದನಂತ ಪೂರ್ತಿ ಮುಚ್ಚಿ ಓಡಿದ್ವಿ. ಆಳು ಮುಚ್ಚ್ಯಾರಂತ ತಿಳದು ಅಪ್ಪ ಮ್ಯಾಲ ಮಣ್ಣ ಎಳದ.”

“ಹುಡುಕುವಾಗರ ಹೇಳಬಾರದಾಗಿತ್ತೇನು?” ಎಂದೆ.

“ಹೊಡೀತಿದ್ದನಲ್ಲೋ ಅಪ್ಪ,” ಎಂದ. ಅಷ್ಟೇ ಕಾರಣ. ಆಮೇಲೆ ಅವನೇ ಕೇಳಿದ, “ಈ ಮಾತು ನಮ್ಮಿಬ್ಬರನ ಬಿಟ್ಟು ಯಾರಿಗೂ ಗೊತ್ತಿಲ್ಲ. ನಿನಗ ಹ್ಯಾಂಗ ಗೊತ್ತಾತು?” ಅಕ್ಕ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ತಾನು ಅಲ್ಲಿ ಏನು ಅಂದೆ ಎಂಬುದು ಅವಳಿಗೆ ನೆನಪೇ ಇರಲಿಲ್ಲ, ಅಥವಾ ಹಾಗೆಂದಳು.

ಅವರಿಬ್ಬರ ಮೇಲೆ ಆಗ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅಪ್ಪನಿಗೆ ಹೇಳಿಯೇ ಬಿಡುವುದೆಂದು ನಿರ್ಧರಿಸಿದ್ದೆ. ಮಗನನ್ನು ಕೊಂದವನು ತಾನೆಂಬ ಭಾರ ಹೊತ್ತು ಅವನು ಸಾಯಬಾರದೆನಿಸಿತ್ತು. ಮನೆಗೆ ಬಂದು ಅವನ ಮಂಚದ ಬಳಿ ಕೂತೆ. ಬಾಯಿ ತೆರೆದೆ. ಮಾತು ಬರಲಿಲ್ಲ. ಜೋಳದ ಧೂಳು ಗಂಟಲಿಗೆ ಹೋದಂತಾಗಿ ಕೆಮ್ಮು ಒತ್ತರಿಸಿತು. ನೀರು ಕುಡಿದು ಮತ್ತೆ ಪ್ರಯತ್ನಿಸಿದೆ, ಅದೇ ಕತೆ. ಬೇರೆ ಮಾತೆಲ್ಲ ಸಲೀಸಾಗಿ ಬರುತ್ತಿತ್ತು, ಅದೊಂದೇ ಬರುತ್ತಿರಲಿಲ್ಲ. ಗಂಟಲು ತೋರಿಸಿದರೆ ಡಾಕ್ಟರು ಏನೂ ಇಲ್ಲವೆಂದರು.

ಆ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು, “ತಮ್ಮಾ, ಒಮ್ಮಿ ಬಗ್ಗಿ ನೋಡಿದ್ದರ ಸಾಕಾಗಿತ್ತೋ,” ಎಂದ. ಯಾವ ತಮ್ಮನಿಗೆ ಹೇಳಿದನೋ ತಿಳಿಯದು. ಅಕ್ಕ ಅವನ ಕಾಲು ಒತ್ತುತ್ತಾ ಕೂತಿದ್ದಳು, ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಕೆಮ್ಮಿದೆ.

ಇಂದಿಗೂ ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಲು ನನ್ನಿಂದ ಆಗಿಲ್ಲ, ಬರೆಯಲು ಮಾತ್ರ ಆಯಿತು. ಯಾಕೆಂದು ಕೇಳಬೇಡಿ, ವಿಜ್ಞಾನದ ಮಾಸ್ತರನಿಗೇ ಗೊತ್ತಿಲ್ಲ. ಪ್ರತಿ ಪಂಚಮಿಗೆ ಅಕ್ಕ ಉಂಡಿ ಕಟ್ಟಿಕೊಂಡು ಬರುತ್ತಾಳೆ. ಮೊದಲ ಉಂಡಿ ನನಗೇ ಕೊಡುತ್ತಾಳೆ. ನಾನು ಅದನ್ನು ಪೂರ್ತಿ ತಿಂದು ಮುಗಿಸುವ ತನಕ ಎದುರಿಗೇ ನಿಂತಿರುತ್ತಾಳೆ.