ಒಂದನೇ ನಂಬರಿನ ಕಲ್ಲು

ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ಕೇಳಿಕೊಂಡಾಗಿದೆ. ನಿದ್ದೆಗಣ್ಣಾ? ಅಲ್ಲ. ಯಾರಾದರೂ ಆಟ ಆಡಿದ್ದಾ? ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೈವ-ಭೂತದ ವಿಷಯ ಬಂದಾಗಲೆಲ್ಲ ವಿರೋಧ ಪಕ್ಷದಲ್ಲಿ ನಿಂತು ಗೆದ್ದವಳು ನಾನು. ಆದರೂ ಇದು ನಡೆದದ್ದು ಹೌದು.

ಮಣ್ಣಗುಡ್ಡದ ಒಂದು ಮನೆಯ ಮಹಡಿಯಲ್ಲಿ ನಮ್ಮ ಸರ್ ಒಬ್ಬರೇ ಇದ್ದರು. ಗುಡ್ಡ, ಹೊಳೆದಂಡೆ ಸುತ್ತಿ ಆದಿಮಾನವರ ಕಲ್ಲಿನ ಆಯುಧ ಹುಡುಕುವುದು ಅವರ ಕೆಲಸ. ಜೊತೆಗೆ ಮನೆ ಮನೆಗೆ ಹೋಗಿ ದೈವಗಳ ಕಥೆಗಳನ್ನು ಕ್ಯಾಸೆಟ್ಟಿಗೆ ತುಂಬಿಸುವುದು. ನಲವತ್ತು ವರ್ಷದ ಆ ಸಂಗ್ರಹ ಮರುದಿನ ಬೆಳಿಗ್ಗೆ ಮ್ಯೂಸಿಯಮ್ಮಿಗೆ ಹೋಗುವುದಿತ್ತು. ಸಂಜೆಗೆ ಸನ್ಮಾನ. ಎರಡು ತಿಂಗಳಿಂದ ಕೂತು ಪಟ್ಟಿ ಮಾಡುತ್ತಿದ್ದವಳು ನಾನು.

ಸರ್ ಅವರ ಹೆಸರೆಲ್ಲ ನಿಂತದ್ದು ಒಂದನೇ ನಂಬರಿನ ಮೇಲೆ. ಅಂಗೈಯಷ್ಟು ದೊಡ್ಡ, ನುಣುಪಾದ, ಕಪ್ಪು ಕೊಡಲಿಕಲ್ಲು. 'ಉಳ್ಳಾಲದ ಹೊಳೆದಂಡೆಯಲ್ಲಿ ಸಿಕ್ಕಿದ್ದು' ಎಂದು ರಿಜಿಸ್ಟರಿನಲ್ಲಿತ್ತು.

ಸನ್ಮಾನದ ಹಿಂದಿನ ದಿನ ಸಂಜೆ ಲೇಬಲ್ ಇಲ್ಲದ ಒಂದು ಕ್ಯಾಸೆಟ್ ಸಿಕ್ಕಿತು. ಹಾಕಿದೆ. ಮುದುಕರೊಬ್ಬರು ತುಳುವಿನಲ್ಲಿ ಹೇಳುತ್ತಿದ್ದರು: ಸಿಡಿಲಿನ ಜೊತೆ ಬಿದ್ದ ಈ ಕೊಡಲಿಯಂಥ ಕಪ್ಪು ಕಲ್ಲು ನಮ್ಮ ಮನೆಯ ದೈವದ್ದು, ದಿನಾ ದೀಪ ಇಡುವುದು ಇದರ ಎದುರಿಗೇ, ಚಿತ್ರ ಬರೆದುಕೊಂಡು ದೀಪದ ಹೊತ್ತಿಗೆ ತಂದುಕೊಡಬೇಕು. ಮತ್ತೆ ಒಂದು ಎಳೆಯ ದನಿ... ಸರ್ ಅವರದು. "ನಾನೇ ತರ್ತೇನೆ. ಮಾತು ಕೊಟ್ಟೆ."

"ಸರ್, ಒಂದನೇ ನಂಬರಿನದ್ದು ಸಿಕ್ಕಿದ್ದಲ್ಲ," ಎಂದೆ.

ಅವರು ಊರುಗೋಲನ್ನು ಕುರ್ಚಿಗೆ ಒರಗಿಸಿ ನಿಧಾನವಾಗಿ ಕೂತರು. "ಅವರ ಹತ್ರ ಇದ್ದಿದ್ರೆ ಎಣ್ಣೆ ಹಚ್ಚಿ ಹಚ್ಚಿ ಹಾಳು ಮಾಡ್ತಿದ್ರು ಮಾರಾಯ್ತಿ. ನೀನೇ ಹೇಳು, ದೈವಕ್ಕೆ ಕೊಡಲಿ ಎಂತಕ್ಕೆ? ಸೌದೆ ಒಡೀಲಿಕ್ಕಾ?"

ನನ್ನದೇ ಧಾಟಿಯ ವಾದ. ನಕ್ಕುಬಿಟ್ಟೆ. ಆ ನಗುವನ್ನು ಈಗ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ...

"ಆ ಅಜ್ಜ ಎಂತ ಮಾಡಿದ್ರು?"

"ಕೇಳಿಕೊಂಡು ಬಂದ್ರು. ಕಳೆದುಹೋಯ್ತು ಅಂದೆ. ದೈವದ ಎದುರು ದೂರು ಇಟ್ರಂತೆ. ಕೊಂಡುಹೋದವನೇ ಕೈಯಾರೆ ತರುವವರೆಗೆ ದೀಪ ಇಡುವುದಿಲ್ಲ ಅಂತ." ಊರುಗೋಲಿನ ಹಿಡಿ ಸವರುತ್ತ ಹೇಳಿದರು, "ಈ ದೂರಿನ ಪದ್ಧತಿ ಬಗ್ಗೆ ನಾನೇ ಬರೆದಿದ್ದೇನೆ. ಒಳ್ಳೆಯ ಅಧ್ಯಾಯ ಅದು."

ನಂತರ ದನಿ ತಗ್ಗಿಸಿದರು. "ಆ ಕಲ್ಲಿನ ನಂಬರ್ ಅಳಿದಿದೆ. ನೀನು ಬರೆ. ನಾನು ಬರೆದ್ರೆ ನಿಲ್ಲುವುದಿಲ್ಲ."

ರಿಜಿಸ್ಟರಿನ ಹಿಂದಿನ ಹಾಳೆಗಳನ್ನು ಆಗ ನೋಡಿದೆ. 'ನಂ. 1 ಮತ್ತೆ ಬರೆದೆ.' ಅದರ ಕೆಳಗೆ ಅದೇ. ಅದರ ಕೆಳಗೂ ಅದೇ. ಹಾಳೆ ಹಾಳೆ.

ಕಲ್ಲಿಗೆ ನಂಬರ್ ಹಾಕುವ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬಿಳಿ ಶಾಯಿಯಲ್ಲಿ ಸಣ್ಣದಾಗಿ ಬರೆದು ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಸಲ ಬಳಿಯುವುದು. ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ನಾನು '1' ಬರೆದರೆ ಬುಡದಲ್ಲಿ ಸಣ್ಣ ಕೊಕ್ಕೆ ಬರುತ್ತದೆ, ಶಾಲೆಯಿಂದಲೂ ಅಭ್ಯಾಸ. ಹಾಗೇ ಬರೆದೆ, ಒಣಗಿಸಿದೆ, ಡ್ರಾಯರಿಗೆ ಬೀಗ ಹಾಕಿದೆ. ಬೆಳಿಗ್ಗೆ ಆರಕ್ಕೇ ಮ್ಯೂಸಿಯಮ್ಮಿನ ವ್ಯಾನ್ ಬರುವುದರಿಂದ ರಾತ್ರಿ ಅಲ್ಲೇ ಉಳಿದೆ. ಸರ್ ಆರಾಮಕುರ್ಚಿಯಲ್ಲಿ ಒರಗಿದರು.

ಮೊದಲು ಬಂದದ್ದು ವಾಸನೆ. ತೆಂಗಿನೆಣ್ಣೆ, ಆಗಷ್ಟೇ ಆರಿದ ಬತ್ತಿಯ ಹೊಗೆ...

ಮತ್ತೆ ಸದ್ದು. ಗಂಧ ತೇಯುವ ಹಾಗೆ. ನಿಧಾನ, ಬಿಡದೆ... ಡ್ರಾಯರಿನ ಒಳಗಿನಿಂದ.

"ಸರ್... ಕೇಳಿಸ್ತಾ ಉಂಟಾ?"

ಕಣ್ಣು ತೆರೆಯದೆಯೇ ಹೇಳಿದರು. "ದಿನಾ ಕೇಳಿಸ್ತದೆ."

ವಾದ, ತರ್ಕ ಎಲ್ಲ ಬದಿಗಿಟ್ಟು ಬೇಡಿಕೊಂಡೆ. "ವ್ಯಾನ್ ಬರುವ ಮೊದಲೇ ಉಳ್ಳಾಲಕ್ಕೆ ಹೋಗುವ ಸರ್. ನೀವೇ ಕೊಟ್ಟುಬಿಡಿ."

ತೇಯುವ ಸದ್ದು ಸಣ್ಣದಾಯಿತು, ಅವರ ಉತ್ತರಕ್ಕೆ ಕಿವಿಗೊಟ್ಟ ಹಾಗೆ.

"ಸನ್ಮಾನ ಒಂದು ಆಗ್ಲಿ. ಮತ್ತೆ ನೋಡುವ."

ಸದ್ದು ತಟ್ಟನೆ ನಿಂತಿತು.

ಲೈಟ್ ಹಾಕಿ ಬೀಗ ತೆಗೆದೆ. ಕಲ್ಲು ಎಣ್ಣೆಯಲ್ಲಿ ಒದ್ದೆ, ಮುಟ್ಟಿದರೆ ಬೆಚ್ಚಗೆ. ನಂಬರ್ ಇರಲಿಲ್ಲ. "ಸರ್," ಎಂದು ತಿರುಗಿದೆ. ಅವರ ಬಲಗೈ ಕುರ್ಚಿಯಿಂದ ಕೆಳಗೆ ಜೋತಿತ್ತು, ಅಂಗೈ ತೆರೆದುಕೊಂಡು. ಅದರ ನಡುವೆ ಬಿಳಿ ಶಾಯಿಯ '1'. ಬುಡದಲ್ಲಿ ಕೊಕ್ಕೆ. ಮೇಲೆ ನೈಲ್ ಪಾಲಿಶ್ ಮಿನುಗುತ್ತಿತ್ತು.

ಕೈ ತಣ್ಣಗಿತ್ತು.

ಹೃದಯ ನಿಂತದ್ದು ಎಂದರು ಡಾಕ್ಟರ್. ಜನ ಸೇರುವ ಮೊದಲು ಅಂಗೈಯ ಆ ನಂಬರನ್ನು ಉಗುರಿನಿಂದ ಕೆರೆದು ನೋಡಿದ್ದೆ. ಹೋಗಲಿಲ್ಲ. ಅದರೊಂದಿಗೇ ಅವರನ್ನು ಸುಟ್ಟರು.

ಕಲ್ಲನ್ನು ನಾನು ವ್ಯಾನಿಗೆ ಹಾಕಲಿಲ್ಲ. ನಾಲ್ಕು ದಿನ ಬಿಟ್ಟು, ಕ್ಯಾಸೆಟ್ಟಿನಲ್ಲಿ ಹೇಳಿದ ಮನೆ ಹುಡುಕಿ ಉಳ್ಳಾಲಕ್ಕೆ ಹೋದೆ. ಅಂಗಳದ ಕಟ್ಟೆ ಖಾಲಿ ಇತ್ತು, ಪಕ್ಕದಲ್ಲಿ ಬತ್ತಿಯಿಲ್ಲದ ದೀಪ. ಆ ಅಜ್ಜನ ಮಗಳು ಕಮಲಕ್ಕ ಕಲ್ಲನ್ನು ನೋಡಿದರು. ಕೈ ಚಾಚಲಿಲ್ಲ.

"ಅಪ್ಪ ಸಾಯುವಾಗಲೂ ಇಲ್ಲಿ ಕತ್ತಲೆಯೇ ಇದ್ದದ್ದು," ಎಂದರು. "ನಿನ್ನ ಕೈಯಿಂದ ತೆಗೊಂಡ್ರೆ ನಿಮ್ಮ ಸರ್ ಅವರನ್ನು ಸುಮ್ಮನೆ ಬಿಟ್ಟುಬಿಟ್ಟ ಹಾಗೆ ಆಗ್ತದೆ. ಕೊಂಡುಹೋದವರೇ ತರ್ಬೇಕು."

"ಅವರು ಸತ್ತುಹೋದ್ರಲ್ಲ ಅಕ್ಕ, ಇನ್ನು ಹೇಗೆ ತರ್ತಾರೆ?" ಇದಕ್ಕೆ ಉತ್ತರವಿಲ್ಲ ಅಂದುಕೊಂಡಿದ್ದೆ.

ಕಮಲಕ್ಕ ನಕ್ಕರು. "ಅದು ಅವರ ಕಷ್ಟ. ನೀನು ಇಟ್ಟುಕೊಂಡಿರು. ದೀಪದ ಹೊತ್ತಿಗೆ ಬಾಗಿಲು ತೆರೆದಿಡು, ಆಯ್ತಾ?"

ಕಲ್ಲು ಈಗ ಬಂದರಿನ ಹತ್ತಿರ, ನಾಲ್ಕನೇ ಮಾಳಿಗೆಯ ನನ್ನ ರೂಮಿನಲ್ಲಿ ಉಂಟು. ದಿನಾ ಸಂಜೆ ಊರುಗೋಲಿನ ಸದ್ದು ಮೆಟ್ಟಿಲು ಹತ್ತಿ ಬಂದು ನಾನು ಇನ್ನೂ ತೆರೆಯದ ಬಾಗಿಲ ಎದುರು ನಿಲ್ಲುತ್ತದೆ. ಹಳೆಯ ಕಟ್ಟಡ, ನೀರಿನ ಪೈಪು ಎಂದು ನನಗೆ ನಾನೇ ವಾದಿಸಿಕೊಂಡೆ. ನಿನ್ನೆ ಕೆಳಗಿನ ಮನೆಯ ಆಂಟಿ ಕೇಳಿದರು, "ನಿನ್ನಲ್ಲಿಗೆ ಬರುವ ಆ ಅಜ್ಜ ಯಾರು ಮಾರಾಯ್ತಿ? ಲಿಫ್ಟ್ ಉಂಟಂತ ಹೇಳಬಾರ್ದಾ, ಪಾಪ."

ಬಾಗಿಲು ತೆರೆದರೆ ಕಲ್ಲು ಅದರ ಮನೆ ಸೇರಬಹುದು, ಆ ದೀಪ ಹತ್ತಬಹುದು. ಗೊತ್ತುಂಟು. ಆದರೆ ಅದನ್ನು ಇಸಕೊಳ್ಳಲು ಚಾಚುವ ಅಂಗೈಯಲ್ಲಿ ನನ್ನ ಕೈಬರಹ ಇದೆ.