ರೇವತಿಯ ಕೈಯಲ್ಲುಳಿದ ನಟ್ಟು

ರೇವತಿಯ ಅಪ್ಪ ಉಚ್ಚಂಗೆಪ್ಪ ಹರಿಹರದ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದವನು. ಮಗ್ಗ ರಿಪೇರಿ ಮಾಡಿದಾಗ ಒಂದು ನಟ್ಟಿನ ಬಿಗಿ ಎಷ್ಟೆಂದು ಮೇಸ್ತ್ರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಿಟ್ಟುಕೊಟ್ಟ ದಿನವೇ ಗೇಟಿನಾಚೆ ದಬ್ಬುತ್ತಾರೆ ಎಂಬುದು ಫಿಟ್ಟರುಗಳೆಲ್ಲ ಬಲ್ಲ ಮಾತು. ಮಿಲ್ಲು ಮುಚ್ಚಿದ ಮೇಲೂ ಮಗಳಿಗೆ ಅದನ್ನೇ ಹೇಳಿದ: “ಒಂದು ನಟ್ಟು ನಮ್ಮ ಕೈಯಾಗ ಇರ್ಬೇಕವ್ವ.”

ಮಗಳು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಸರ್ವರ್ ಕೋಣೆಯಲ್ಲಿ ಗುತ್ತಿಗೆಯಾಳು. ಅಲ್ಲಿರುವುದು ಜೋಡಿ ಸರ್ವರ್. ಒಂದು ಮಲಗಿದರೆ ಅದರ ಕೆಲಸವನ್ನೆಲ್ಲ ಇನ್ನೊಂದು ತಾನಾಗಿಯೇ ಎತ್ತಿಕೊಂಡು ಶುರು ಮಾಡಬೇಕು. ಎಲ್ಲ ತಾನಾಗಿ ನಡೆದರೆ ಮುಂದಿನ ವರ್ಷ ಈ ಹುಡುಗಿ ಯಾಕೆ ಎಂದು ಮ್ಯಾನೇಜರ್ ಕೊಟ್ಟೂರೇಶ್ ನಗುತ್ತಲೇ ಅಂದಿದ್ದ. ಅವತ್ತೇ ರೇವತಿ ಬ್ಲಡ್ ಬ್ಯಾಂಕಿನ ಪ್ರೋಗ್ರಾಮಿಗೆ ಮಾತ್ರ ಆಟೋ ಸ್ಟಾರ್ಟ್ ತೆಗೆದಳು. ಸರ್ವರ್ ಬಿದ್ದರೆ ಆ ಪ್ರೋಗ್ರಾಮನ್ನು ಕೈಯಿಂದಲೇ ಎಬ್ಬಿಸಬೇಕು. ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತು. ನಟ್ಟು ಕೈಯಾಗ ಐತೆ ಎಂದು ಅಪ್ಪನಿಗೂ ಹೇಳಿದ್ದಳು.

ರಜೆ ಹಾಕಿ ಅಪ್ಪನ ಕಣ್ಣು ತೋರಿಸಲು ಹರಿಹರಕ್ಕೆ ಹೋದ ದಿನ ಸರ್ವರ್ ಬಿತ್ತು. ಮಿಕ್ಕದ್ದೆಲ್ಲ ಇನ್ನೊಂದರಲ್ಲಿ ಎದ್ದು ನಿಂತಿತು, ಬ್ಲಡ್ ಬ್ಯಾಂಕ್ ಏಳಲಿಲ್ಲ. ಕಂಪ್ಯೂಟರಿನ ಚೀಟಿ ಇಲ್ಲದೆ ರಕ್ತ ಕೊಡಬಾರದೆಂದು ಮೇಲಿನವರ ಹುಕುಂ ಇತ್ತು; ಕೌಂಟರಿನವನು ಕೈಕಟ್ಟಿ ಕೂತ. ಹೆರಿಗೆಯಾದವಳೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲವೆಂದು ಕೊಟ್ಟೂರೇಶ್ ಫೋನ್ ಮಾಡಿದ.

“ಪಾಸ್‌ವರ್ಡ್ ಹೇಳಮ್ಮ, ನಾನೇ ಒತ್ತತೀನಿ.”

“ಫೋನಿನಾಗ ಆಗಲ್ಲ ಸರ್. ನಾನೇ ಬರ್ಬೇಕು.”

ಆಗುತ್ತಿತ್ತು. ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಮುಗಿಯುವ ಕೆಲಸ. ಬಸ್ಸು ನಿಂತು ನಿಂತು ಬಂತು. ಅವಳು ಓಡಿಬಂದು ಒತ್ತಿದಳು, ಚೀಟಿ ಬಂತು, ರಕ್ತ ಹೋಯಿತು. ಅಷ್ಟರಲ್ಲಿ ಬಾಣಂತಿ ತೀರಿಕೊಂಡಿದ್ದಳು.

ಸತ್ತವಳು ಸರ್ವರ್ ಕೋಣೆ ಗುಡಿಸುವ ಓಬವ್ವನ ಮಗಳೆಂದು ಆಮೇಲೆ ತಿಳಿಯಿತು. ಗೋಡೆಗೊರಗಿ ಕೂತಿದ್ದ ಓಬವ್ವ ರೇವತಿಯ ಕೈ ಹಿಡಿದುಕೊಂಡಳು. “ನೀನಾರ ಓಡಿ ಬಂದ್ಯಲ್ಲವ್ವ. ಈ ಕೌಂಟರಿನವ್ರು ಕುಂತಲ್ಲಿಂದ ಏಳ್ಲಿಲ್ಲ.”

ಗುತ್ತಿಗೆ ಮುಂದುವರಿಯಿತು. ಈ ಹುಡುಗಿ ಇಲ್ಲದೆ ಆಸ್ಪತ್ರೆ ನಡೆಯದು ಎಂದು ಕೊಟ್ಟೂರೇಶನೇ ಮಾಲೀಕರ ಮುಂದೆ ಹೇಳಿದ. ಈಗ ಆಟೋ ಸ್ಟಾರ್ಟ್ ಹಾಕಿದರೆ ಮೊದಲು ತೆಗೆದದ್ದು ಯಾರು ಎಂಬ ಮಾತು ಏಳುತ್ತದೆ. ಅವಳು ಹಾಕಲಿಲ್ಲ. ಸರ್ವರ್ ಮತ್ತೆ ಬಿದ್ದೀತೆಂದು ಆಸ್ಪತ್ರೆ ಬಿಟ್ಟು ದೂರ ಕದಲುವುದೂ ಇಲ್ಲ. ಕಣ್ಣಿನ ಆಪರೇಷನ್ ಐತೆ, ಬಾ ಎಂದು ಅಪ್ಪ ಫೋನ್ ಮಾಡಿದ.

“ಬರಾಕಾಗಲ್ಲಪ್ಪ.”

“ಯಾಕ? ನಟ್ಟು ನಿನ್ನ ಕೈಯಾಗೇ ಐತಲ್ಲ?”

ಓಬವ್ವ ಕಸಬರಿಗೆ ಹಿಡಿದು ಕುರ್ಚಿಯ ಹತ್ತಿರ ಬಂದಿದ್ದಳು. ರೇವತಿ ಫೋನ್ ಕಿವಿಗಿಟ್ಟುಕೊಂಡೇ ಕಾಲೆತ್ತಿ ಜಾಗ ಬಿಟ್ಟಳು.